ಕೂರಲೊಲ್ಲದ ಐಲ್ಸಾ ಮ್ಯಾಕಿ

ನ್ಯೂಜಿಲೆಂಡಿನ ದಕ್ಷಿಣ ತುದಿಯ ಬ್ಲಫ್ ಬಂದರಿನ ಸಿಂಪಿ ಶೆಡ್ಡಿನಲ್ಲಿ ಐಲ್ಸಾ ಮ್ಯಾಕಿ ನಲವತ್ತಮೂರು ಹಂಗಾಮು ನಿಂತಳು. ಕೆಲಸ ಮಾಡಿದಳು ಎನ್ನುವುದಕ್ಕಿಂತ ನಿಂತಳು ಎನ್ನುವುದೇ ಸರಿ, ಏಕೆಂದರೆ ಆ ಶೆಡ್ಡಿನಲ್ಲಿ ಕುರ್ಚಿ ಎಂಬ ವಸ್ತುವೇ ಇರಲಿಲ್ಲ. ಮಾರ್ಚಿನಿಂದ ಆಗಸ್ಟಿನವರೆಗೆ, ಬೆಳಗಿನ ಐದಕ್ಕೆ ರಬ್ಬರ್ ಬೂಟು ಏರಿಸಿಕೊಂಡು ಒದ್ದೆ ಕಾಂಕ್ರೀಟಿನ ಮೇಲೆ ನಿಂತರೆ, ದೋಣಿಗಳು ತಂದ ಮೂಟೆಗಳು ಮುಗಿಯುವವರೆಗೂ ಚಿಪ್ಪಿನ ಸಂದಿಗೆ ಚಾಕು ತೂರಿಸಿ ತಿರುಗಿಸಿ ಒಳಗಿನ ಮಾಂಸ ಬಿಡಿಸುವುದೇ ಕೆಲಸ. ಬಲಗೈಯ ಹೆಬ್ಬೆರಳು ಅದರಿಂದಾಗಿ ಒಂದು ಕಡೆಗೆ ವಾಲಿಕೊಂಡಿತ್ತು. ಗಂಡ ಕಾಲಿನ್ ಬದುಕಿದ್ದಾಗ ಮೇಜಿಗೆ ಕರೆದರೂ ಆಕೆ ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದಳೆಂದು ಮಗಳು ಮೋರಾ ಹೇಳುತ್ತಾಳೆ.

ಇಂಥ ಹೆಂಗಸು ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತನ್ನ ಮನೆಯ ಹಿಂಬಾಗಿಲ ಮೆಟ್ಟಿಲಿನ ಮೇಲೆ ಜಾರಿದಳು. ಸೊಂಟದ ಮೂಳೆಗೆ ಇನ್ವರ್ಕಾರ್ಗಿಲ್ಲಿನ ಆಸ್ಪತ್ರೆಯಲ್ಲಿ ಕಬ್ಬಿಣ ಕೂಡಿಸಿದರು. ಅಲ್ಲಿಂದ ನಾಲ್ಕು ಕಾಲಿನ ವಾಕರ್ ತಳ್ಳಿಕೊಂಡು ನಮ್ಮ ಗ್ಯಾನೆಟ್ ಹೌಸ್ ವೃದ್ಧಾಶ್ರಮಕ್ಕೆ ಬಂದಳು.

ನಾನು ಅಲ್ಲಿ ರಿಪೇರಿಯವನು. ಹೆಸರು ಡೆಸ್. ನಲ್ಲಿ ಸೋರಿದರೆ, ಬಾಗಿಲು ಕಿರುಗುಟ್ಟಿದರೆ, ದಕ್ಷಿಣದ ಗಾಳಿ ಛಾವಣಿಯ ತಗಡನ್ನು ಎತ್ತಿಕೊಂಡು ಹೋದರೆ ನನ್ನನ್ನು ಕರೆಯುತ್ತಾರೆ. ನನ್ನ ಅಮ್ಮ ಐಲ್ಸಾಳ ಪಕ್ಕದ ಹಲಗೆಯಲ್ಲೇ ಸಿಂಪಿ ಬಿಡಿಸಿದವಳು. ಆದ್ದರಿಂದ ಆಕೆಗೆ ನನ್ನನ್ನು ಬಯ್ಯುವ ಹಕ್ಕು ಹುಟ್ಟಿನಿಂದಲೇ ಬಂದಿತ್ತು.

ಗ್ಯಾನೆಟ್ ಹೌಸಿನಲ್ಲಿ ಆಗ ಇಪ್ಪತ್ತಮೂರು ಜನರಿದ್ದರು, ಇಪ್ಪತ್ತಮೂರು ಒರಗು ಕುರ್ಚಿಗಳಿದ್ದವು. ಹಜಾರದ ನಾಲ್ಕು ಗೋಡೆಗಳಿಗೂ ಬೆನ್ನು ಕೊಟ್ಟು ಕುರ್ಚಿಗಳ ಸಾಲು. ನಡುವೆ ಖಾಲಿ ಕಾರ್ಪೆಟ್. ಹೊಸಬರಿಗೆ ಇನ್ನೇನು ನೃತ್ಯ ಶುರುವಾಗಬೇಕು, ವಾದ್ಯದವರು ಬರುವುದು ತುಸು ತಡವಾಗಿದೆ ಅನ್ನಿಸುತ್ತಿತ್ತು. ಹಾಸಿಗೆಯಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ತಿಂಡಿಯ ಕುರ್ಚಿಗೆ, ತಿಂಡಿಯ ಕುರ್ಚಿಯಿಂದ ಒರಗು ಕುರ್ಚಿಗೆ, ನಡುವೆ ಒಂದೆರಡು ಸಲ ಕಕ್ಕಸಿಗೆ, ಅಲ್ಲೂ ಕೂರುವುದೇ. ಹೀಗೆ ದಿನ ಕಳೆಯುತ್ತಿತ್ತು.

ಇದನ್ನು ಯಾರೂ ಕೆಟ್ಟತನದಿಂದ ಮಾಡಿದ್ದಲ್ಲ. ಯಾರಾದರೂ ಬಿದ್ದರೆ ಮ್ಯಾನೇಜರ್ ಲಿನೆಟ್ ತುಂಬಬೇಕಾದ ಫಾರಂ ಹನ್ನೊಂದು ಪುಟಗಳದ್ದು. ಯಾರಾದರೂ ಕೂತರೆ ತುಂಬಬೇಕಾದ ಫಾರಂ ಇರಲಿಲ್ಲ. ಆದ್ದರಿಂದ ಕೂರುವುದರಲ್ಲಿ ಅಪಾಯವೇನೂ ಇಲ್ಲವೆಂದು ಆಡಳಿತಕ್ಕೆ ಮನವರಿಕೆಯಾಗಿತ್ತು.

ಐಲ್ಸಾ ಬಂದ ದಿನ ಲಿನೆಟ್ ಆಕೆಯನ್ನು ಕಿಟಕಿ ಪಕ್ಕದ ಕುರ್ಚಿಗೆ ಕರೆದೊಯ್ದಳು.

“ಕೂತ್ಕೊಳ್ಳಿ ಐಲ್ಸಾ.”

ಯಾರೋ ತೀರಿಹೋದ ಸುದ್ದಿ ಹೇಳಲು ಹೀಗೆ ಮೆತ್ತಗೆ ಕೂರಿಸುತ್ತಿದ್ದಾಳೆಂದು ಐಲ್ಸಾಳಿಗೆ ಅನ್ನಿಸಿತು. “ಯಾಕಮ್ಮ, ಏನಾಯ್ತು?”

“ಏನೂ ಆಗಿಲ್ಲ. ಏನೂ ಆಗಬಾರ್ದು ಅಂತಾನೇ ಕೂತ್ಕೊಳ್ಳಿ ಅಂದಿದ್ದು.”

ಪಕ್ಕದ ಕುರ್ಚಿಯಲ್ಲಿ ವಾಟಿ ಇದ್ದ. ಎಂಬತ್ತೆಂಟು ವರ್ಷದ ವಾಟಿ ಒಂದು ಕಾಲದಲ್ಲಿ ದೋಣಿಯ ನಾಯಕ. ಫೋವೋ ಜಲಸಂಧಿಯ ಅಲೆಗಳ ಮೇಲೆ ನಡೆದಾಡಿದ ಮನುಷ್ಯ ಎರಡು ವರ್ಷಗಳಿಂದ ಆ ಕುರ್ಚಿ ಬಿಟ್ಟು ತಾನಾಗಿ ಎದ್ದಿರಲಿಲ್ಲ. ಅವನ ಕಾಲಿಗೆ ಏನೂ ಆಗಿರಲಿಲ್ಲ. ಹೋಗಲು ಜಾಗವಿರಲಿಲ್ಲ, ಅಷ್ಟೆ.

“ಎಷ್ಟು ದಿನ ಆಯ್ತು ನೀನಿಲ್ಲಿ ಲಂಗರು ಹಾಕಿ?” ಎಂದು ಐಲ್ಸಾ ಕೇಳಿದಳು.

“ಏನ್ ಅವಸರ? ಆರಾಮಾಗಿದೆ,” ಎಂದ ವಾಟಿ. “ನೀನೂ ಅಭ್ಯಾಸ ಮಾಡ್ಕೋತೀಯ.”

ಆಕೆ ಅಭ್ಯಾಸ ಮಾಡಿಕೊಳ್ಳಲಿಲ್ಲ. ಮೊದಲ ವಾರವೇ ಹದಿನಾಲ್ಕು ಸಲ ಎದ್ದು ಹೋದಳೆಂದು ದಾಖಲಾಯಿತು. ಲಿನೆಟ್ ನನ್ನನ್ನು ಕರೆದು ಐಲ್ಸಾಳ ಕುರ್ಚಿಗೆ ಎಚ್ಚರಿಕೆಯ ದಿಂಬು ಜೋಡಿಸಲು ಹೇಳಿದಳು. ಕೂತವರು ಎದ್ದರೆ ಅದು ಐಸ್‌ಕ್ರೀಂ ಗಾಡಿಯ ಹಾಗೆ ಒಂದು ರಾಗ ನುಡಿಯುತ್ತದೆ. ಆಗ ದಾದಿಯರಲ್ಲಿ ಒಬ್ಬರು ಬಂದು ಗುಂಡಿ ಒತ್ತಿ ಕೂರಿಸಬೇಕು. ನಾನು ಮಂಡಿಯೂರಿ ತಂತಿ ಜೋಡಿಸುತ್ತಿದ್ದಾಗ ಐಲ್ಸಾ ಮೇಲಿನಿಂದ ನೋಡುತ್ತಿದ್ದಳು.

“ನಾನು ಎದ್ದಿದ್ದು ಇದಕ್ಕೆ ಹೆಂಗೋ ಗೊತ್ತಾಗುತ್ತೆ?”

“ಭಾರ ಕಮ್ಮಿ ಆದ್ರೆ ಗೊತ್ತಾಗುತ್ತೆ.”

“ಎಷ್ಟು ಭಾರ ಇರ್ಬೇಕು?”

“ಹತ್ತು ಕಿಲೋ ಇದ್ರೂ ಸುಮ್ನಿರುತ್ತೆ,” ಎಂದೆ. ನನ್ನ ಬಾಯಿ ಯಾವಾಗಲೂ ಹೀಗೇ.

ಎರಡು ದಿನ ಬಿಟ್ಟು, ನನ್ನ ಕೆಲಸದ ಕೋಣೆಯ ಪಕ್ಕದಲ್ಲಿರುವ ಬಟ್ಟೆ ಒಗೆಯುವ ಕೋಣೆಗೆ ಹೋದರೆ ಐಲ್ಸಾ ನಿಂತುಕೊಂಡು ಟವೆಲ್ಲು ಮಡಚುತ್ತಿದ್ದಾಳೆ. ಮಡಚಿದ ಟವೆಲ್ಲುಗಳು ಎದೆಮಟ್ಟ ಪೇರಿಸಿಕೊಂಡಿದ್ದವು, ಅಂಚಿಗೆ ಅಂಚು ಸರಿಯಾಗಿ. ಹಜಾರಕ್ಕೆ ಹೋಗಿ ನೋಡಿದೆ. ಆಕೆಯ ಕುರ್ಚಿಯಲ್ಲಿ ಹತ್ತು ಕಿಲೋ ಆಲೂಗಡ್ಡೆಯ ಚೀಲ, ಅದರ ಮೇಲೆ ಆಕೆಯ ನೀಲಿ ಸ್ವೆಟರು. ದಾದಿಯರು ಇಬ್ಬರೇ, ಅರ್ಧ ಗಂಟೆಗೊಮ್ಮೆ ಬಾಗಿಲಿನಿಂದಲೇ ಇಣುಕಿ ಪಟ್ಟಿಯಲ್ಲಿ ಗುರುತು ಹಾಕಿಹೋಗುತ್ತಿದ್ದರು. ಮೊದಲ ದಿನದ ಪಟ್ಟಿಯಲ್ಲಿ ‘ಐಲ್ಸಾ: ಕೂತಿದ್ದಾರೆ’ ಎಂದಿತ್ತು. ಎರಡನೆಯ ದಿನ ‘ಕೂತಿದ್ದಾರೆ, ಶಾಂತವಾಗಿದ್ದಾರೆ’. ಮೂರನೆಯ ದಿನ ಒಬ್ಬಳು ಉದಾರ ಮನಸ್ಸಿನವಳು ‘ತುಂಬಾ ಚೆನ್ನಾಗಿ ಹೊಂದಿಕೊಂಡಿದ್ದಾರೆ’ ಎಂದು ಬರೆದಿದ್ದಳು.

ಅಡುಗೆಯ ಮಾರಿಸೆಲ್ ಸಾರಿಗೆ ಆಲೂಗಡ್ಡೆ ಹುಡುಕುತ್ತ ಬರದೇ ಹೋಗಿದ್ದರೆ ಆ ಚೀಲಕ್ಕೆ ಹುಟ್ಟುಹಬ್ಬದ ಕೇಕು ಕೂಡ ಸಿಗುತ್ತಿತ್ತೇನೋ. ಮಾರಿಸೆಲ್ ಫಿಲಿಪ್ಪೀನ್ಸಿನ ಸೆಬು ಕಡೆಯವಳು, ಬ್ಲಫ್ಫಿಗೆ ಬಂದು ಹನ್ನೆರಡು ವರ್ಷ. ಸ್ವೆಟರು ಎತ್ತಿ ನೋಡಿದವಳು ಅದನ್ನು ಮತ್ತೆ ಹೊದಿಸಿ, ಆ ದಿನ ಟರ್ನಿಪ್ ಹಾಕಿ ಸಾರು ಮಾಡಿದಳು. ಆದರೂ ಸುದ್ದಿ ಲಿನೆಟ್‌ಗೆ ಹೋಯಿತು. ಆಕೆ ಆಲೂಗಡ್ಡೆಯನ್ನು ಅಡುಗೆಮನೆಗೂ ಐಲ್ಸಾಳನ್ನು ಕುರ್ಚಿಗೂ ವಾಪಸು ಕಳಿಸಿದಳು.

ಹೊಸ ವರ್ಷ ಕಳೆದು ನಮ್ಮ ಕಡೆಯ ಬೇಸಿಗೆ ಜೋರಾಗಿದ್ದಾಗ ಕ್ರೈಸ್ಟ್‌ಚರ್ಚಿನ ಪ್ರಧಾನ ಕಚೇರಿಗೆ ಜ್ಞಾನೋದಯವಾಯಿತು. ಹೆಚ್ಚು ಹೊತ್ತು ಕೂತರೆ ಮುದುಕರ ಕಾಲು ಸೋಲುತ್ತದೆ, ರಕ್ತ ನಿಧಾನವಾಗುತ್ತದೆ, ಮನಸ್ಸು ಮಂಕಾಗುತ್ತದೆ, ಕೊನೆಗೆ ಅವರು ಬೀಳುವುದೂ ಹೆಚ್ಚು ಎಂದು ಅಲ್ಲಿ ಯಾರೋ ಓದಿದ್ದರು. ‘ಏಳೋಣ ಬನ್ನಿ’ ಎಂಬ ಯೋಜನೆ ಹುಟ್ಟಿತು. ಅದನ್ನು ಜಾರಿಗೆ ತರಲು ಪಿಪ್ಪಾ ಎಂಬ ಹುಡುಗಿ ಕಾರಿನಲ್ಲಿ ಏಳು ಗಂಟೆ ಕೂತು ಬಂದಳು. ಒಳ್ಳೆಯ ಹುಡುಗಿ, ಹೇಳುವುದನ್ನು ನಂಬಿ ಹೇಳುವವಳು.

ಇಪ್ಪತ್ತಮೂರು ಜನರನ್ನೂ ಪರದೆಯ ಮುಂದೆ ಕೂರಿಸಿ, ಕೂರುವುದರಿಂದಾಗುವ ಕೇಡುಗಳ ಬಗ್ಗೆ ಪಿಪ್ಪಾ ಒಂದೂವರೆ ಗಂಟೆ ಮಾತನಾಡಿದಳು. ಮುಕ್ಕಾಲು ಗಂಟೆಯಾದಾಗ ಐಲ್ಸಾಳ ಸೊಂಟ ಹಿಡಿದುಕೊಂಡಿತು. ಎದ್ದಳು. ಕುರ್ಚಿ ಐಸ್‌ಕ್ರೀಂ ರಾಗ ನುಡಿಯಿತು. ದಾದಿಯೊಬ್ಬಳು ಓಡಿ ಬಂದಳು.

“ಕೂತ್ಕೊಳ್ಳಿ ಐಲ್ಸಾ. ಅವರು ಎದ್ದೇಳೋದರ ಬಗ್ಗೆ ಹೇಳ್ತಾ ಇದಾರೆ, ಕೇಳಿಸ್ಕೊಳ್ಳಿ.”

ಐಲ್ಸಾ ಪಿಪ್ಪಾಳ ಕಡೆ ನೋಡಿದಳು. ಪಿಪ್ಪಾಳ ಮುಖ ಕೆಂಪಾಯಿತು. ಆದರೆ ಕಚೇರಿ ಕೊಟ್ಟ ಚಿತ್ರಗಳು ಇನ್ನೂ ನಲವತ್ತು ಉಳಿದಿದ್ದವು, ಆಕೆ ಮುಂದುವರಿಸಿದಳು.

ಪ್ರತಿಯೊಬ್ಬರ ತೊಡೆಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ ಅಂಟಿಸಿದರು. ಅದು ಎಷ್ಟು ಹೊತ್ತು ಕೂತರು, ಎಷ್ಟು ಹೊತ್ತು ನಿಂತರು ಎಂದು ಲೆಕ್ಕ ಇಡುತ್ತದೆ. ಒಂದು ವಾರದ ಮೇಲೆ ನೋಡಿದರೆ ಕೂತದ್ದು ದಿನಕ್ಕೆ ಸರಾಸರಿ ಹದಿನಾಲ್ಕು ಗಂಟೆಗೆ ಹತ್ತು ನಿಮಿಷ ಕಡಿಮೆ. ಪ್ರಧಾನ ಕಚೇರಿ ಗಾಬರಿಯಾಗಿ ‘ಇಂದು ಎದ್ದಿರಾ?’ ಎಂಬ ಬಣ್ಣದ ಫಲಕಗಳನ್ನು ಕಳಿಸಿತು. ಅವುಗಳ ಜೊತೆ ಬಂದ ಸೂಚನೆಯಲ್ಲಿ, ನಿಂತವರ ಕಣ್ಣಿನ ಮಟ್ಟಕ್ಕೆ ತೂಗುಹಾಕಬೇಕು ಎಂದಿತ್ತು. ನಾನು ಹಾಗೆಯೇ ತೂಗುಹಾಕಿದೆ. ಕೂತವರಿಗೆ ಅದರ ಕೆಳಗಿನ ಚೌಕಟ್ಟು ಮಾತ್ರ ಕಾಣುತ್ತಿತ್ತು. ದಿನಕ್ಕೆ ಇಪ್ಪತ್ತು ನಿಮಿಷದ ವ್ಯಾಯಾಮದ ವೀಡಿಯೋ ಕೂಡ ಬಂತು. ಸುರಕ್ಷತೆಯ ದೃಷ್ಟಿಯಿಂದ ಅದನ್ನು ಕೂತುಕೊಂಡೇ ಮಾಡಬೇಕು. ಅದರ ಮೇಲೆ, ಯಾರಿಗಾದರೂ ಎದ್ದು ನಿಲ್ಲಬೇಕೆನಿಸಿದರೆ ವೈದ್ಯರ ಒಪ್ಪಿಗೆ, ಮನೆಯವರ ಒಪ್ಪಿಗೆ, ಪಕ್ಕದಲ್ಲಿ ಇಬ್ಬರು ದಾದಿಯರು. ಇದ್ದವರೇ ಇಬ್ಬರು. ಎರಡು ತಿಂಗಳಲ್ಲಿ ಯೋಜನೆಯ ಪ್ರಕಾರ ಎದ್ದವರು ಒಬ್ಬರೂ ಇಲ್ಲ.

“ಈ ಪುಟಾಣಿ ಡಬ್ಬಿ ನನ್ ತೊಡೆ ಮೇಲೆ ಕೂತು ನಾನು ಕೂತಿದೀನಿ ಅಂತ ಚಾಡಿ ಹೇಳುತ್ತಲ್ಲ,” ಎಂದು ವಾಟಿ ಗೊಣಗಿದ. “ಅದೇನು ನಿಂತ್ಕೊಂಡಿದ್ಯಾ?”

ಕುರ್ಚಿ ಕುರ್ಚಿಗೆ ಚಹಾ ತಿಂಡಿ ಹಂಚುವ ಗಾಡಿಯ ಚಕ್ರ ಮುರಿದದ್ದು ಮೇ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ. ಅದರಲ್ಲಿ ಯಾರ ಕೈವಾಡವೂ ಇರಲಿಲ್ಲ, ನನ್ನದೂ ಇರಲಿಲ್ಲ. ಹಜಾರದ ಹೊಸ್ತಿಲಿಗೆ ಬಡಿದು ಮುಂದಿನ ಚಕ್ರ ಕಿತ್ತುಬಂತು, ಅಷ್ಟೆ. ಚಕ್ರ ಆಕ್ಲೆಂಡಿನಿಂದ ಬರಬೇಕು, ಮೂರು ವಾರ ಅಂದರು. ಮಾರಿಸೆಲ್ ಅಡುಗೆಮನೆಯ ಕಿಂಡಿಯಿಂದ ತಲೆ ಹೊರಗೆ ಹಾಕಿದಳು.

“ಇಪ್ಪತ್ಮೂರು ಕಪ್ಪು ನಾನು ತಲೆ ಮೇಲೆ ಹೊತ್ಕೊಂಡು ಬರ್ಲಾ? ಎರಡೇ ಕೈ ಇರೋದು ನಂಗೆ.”

“ನಂದು ನಾನೇ ತಗೋತೀನಿ,” ಎಂದಳು ಐಲ್ಸಾ.

ಕಿಟಕಿಯಿಂದ ಕಿಂಡಿಗೆ ಇಪ್ಪತ್ತೆಂಟು ಹೆಜ್ಜೆ. ಕುರ್ಚಿ ಹಾಡುತ್ತಲೇ ಇತ್ತು, ಐಲ್ಸಾ ವಾಕರ್ ತಳ್ಳುತ್ತ ಹೋದಳು. ದಾದಿಯರಿಬ್ಬರೂ ಒಬ್ಬರಿಗೆ ಸ್ನಾನ ಮಾಡಿಸುವುದರಲ್ಲಿದ್ದರು. ವಾಪಸು ಬರುವಾಗ ವಾಕರಿನ ತಟ್ಟೆಯಲ್ಲಿ ಚಹಾ, ಆಕೆಯ ಬಾಯಲ್ಲಿ ಚೀಸ್ ರೋಲ್.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸೌತ್‌ಲ್ಯಾಂಡ್ ಸೀಮೆಯಲ್ಲಿ ಚೀಸ್ ರೋಲನ್ನು, ಅಂದರೆ ಚೀಸ್ ಬಳಿದು ಸುರುಳಿ ಸುತ್ತಿ ಸುಟ್ಟ ಬ್ರೆಡ್ಡನ್ನು, ಒಲೆಯಿಂದ ತೆಗೆದ ಐದು ನಿಮಿಷದೊಳಗೆ ತಿನ್ನಬೇಕು. ಮೇಲೆ ಬೆಣ್ಣೆ ಇನ್ನೂ ಚುರುಗುಡುತ್ತಿರಬೇಕು, ತುದಿ ಗರಿಗರಿ ಇರಬೇಕು. ಗಾಡಿಯಲ್ಲಿ ಇಪ್ಪತ್ತಮೂರು ನಿಲ್ದಾಣ ಸುತ್ತಿ ಬರುವಷ್ಟರಲ್ಲಿ ಅದು ಒದ್ದೆ ಕಾಲುಚೀಲದ ಹಾಗೆ ಆಗಿರುತ್ತಿತ್ತು. ವರ್ಷಗಟ್ಟಲೆ ಎಲ್ಲರೂ ಅದನ್ನೇ ತಿಂದಿದ್ದರು. ಈಗ ಐಲ್ಸಾ ಕಚ್ಚಿದಾಗ ಕರುಂ ಎಂದ ಸದ್ದು ಹಜಾರದ ಆ ಮೂಲೆಯವರೆಗೆ ಕೇಳಿಸಿತು.

“ಅದು ಬಿಸಿ ಇದ್ಯಾ?” ಎಂದು ವಾಟಿ ಕೇಳಿದ.

“ನಾಲಿಗೆ ಸುಟ್ಕೊಂಡೆ.”

“ತುದಿ ಗರಿಯಾಗಿದ್ಯಾ?”

“ಹೋಗಿ ನೋಡ್ಕೋ. ನಾನೇನು ನಿನ್ನ ದೋಣಿ ಕೂಲಿನಾ, ತಂದ್ಕೊಡೋಕೆ?”

ವಾಟಿ ಅಂದು ಹೋಗಲಿಲ್ಲ. ಮಾರಿಸೆಲ್ ಎರಡೆರಡು ಕಪ್ಪು ಹಿಡಿದು ಹನ್ನೊಂದು ಸಲ ಓಡಾಡಿದಳು; ಅವನಿಗೆ ಸಿಕ್ಕಿದ್ದು ಕೊನೆಯ ಕಪ್ಪು, ತಣ್ಣಗೆ. ಬುಧವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಅವನು ಕುರ್ಚಿಯ ತೋಳು ಹಿಡಿದು ಮೂರು ಸಲ ಮುಂದಕ್ಕೆ ತೂಗಿ, ನಾಲ್ಕನೆಯ ಸಲ ನಿಂತುಬಿಟ್ಟ. ನಿಂತು ಸುತ್ತಲೂ ನೋಡಿದ. ಗೋಡೆಯ ಫಲಕವನ್ನು ಅಂದು ಮೊದಲ ಸಲ ಓದಿದ. “ಇಂದು ಎದ್ದಿರಾ? ಹೂಂ, ಎದ್ದೆ, ಏನಿವಾಗ?” ಎಂದು ಅದಕ್ಕೇ ಜವಾಬು ಕೊಟ್ಟು ಐಲ್ಸಾಳ ಹಿಂದೆ ಹೊರಟ. ದಾರಿಯಲ್ಲಿ ಎರಡು ಕಡೆ ಗೋಡೆ ಹಿಡಿದು ನಿಂತ. ನಾನು ಏಣಿ ಹೊತ್ತುಕೊಂಡಿದ್ದವನು ಏಣಿಯನ್ನು ಮರೆತು ಅವನ ಹಿಂದೆಯೇ ಹೋದೆ.

ವಾರದೊಳಗೆ ಕಿಂಡಿಯ ಮುಂದೆ ಹನ್ನೊಂದು ಜನರ ಸಾಲು. ಮೊದಲು ಬಂದವರಿಗೆ ಗರಿ ತುದಿ. ಇದರಿಂದ ಗ್ಯಾನೆಟ್ ಹೌಸಿನಲ್ಲಿ ವರ್ಷಗಟ್ಟಲೆ ಕಾಣದ ಒಂದು ವಸ್ತು ಹುಟ್ಟಿತು: ಜಗಳ. ಯಾರು ಸಾಲು ಮುರಿದರು, ಯಾರು ಎರಡು ತೆಗೆದುಕೊಂಡರು, ಯಾರು ವಾಕರಿನಿಂದ ಯಾರ ಹಿಮ್ಮಡಿ ಗುದ್ದಿದರು. ಚಹಾ ಮುಗಿದರೂ ಯಾರಿಗೂ ವಾಪಸು ಹೋಗುವ ಮನಸ್ಸಿಲ್ಲ; ಜಗಳ ಅರ್ಧಕ್ಕೆ ಬಿಟ್ಟು ಹೋಗುವುದು ಹೇಗೆ? ಐಲ್ಸಾ ನನಗೆ ಹೇಳಿ ಕಿಂಡಿಯ ಕೆಳಗೆ ಸೊಂಟದ ಎತ್ತರಕ್ಕೆ ಒಂದು ಅಗಲ ಹಲಗೆ ಹೊಡೆಸಿದಳು. ಹೊಟ್ಟೆಯನ್ನು ಅದಕ್ಕೆ ಒರಗಿಸಿದರೆ ಕಾಲಿನ ಭಾರ ಕಡಿಮೆಯಾಗುತ್ತದೆ, ಶೆಡ್ಡಿನ ಉಪಾಯ. ಅಲ್ಲಿ ನಿಂತು ಆಕೆ ಬ್ರೆಡ್ಡಿಗೆ ಚೀಸ್ ಬಳಿದು ಸುರುಳಿ ಸುತ್ತತೊಡಗಿದಳು. ಬಿಡಿಸಲು ಸಿಂಪಿಯಿಲ್ಲದ ಕೈಗೆ ಮತ್ತೆ ಕೆಲಸ ಸಿಕ್ಕಿತ್ತು.

ಲಿನೆಟ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಬೆರಳುಗಳು ತಾವಾಗಿಯೇ ಹನ್ನೊಂದು ಪುಟ ಎಣಿಸುತ್ತಿದ್ದಂತೆ ನನಗೆ ಕಂಡಿತು. “ಚಕ್ರ ಯಾವಾಗ ಬರುತ್ತೆ ಡೆಸ್?”

“ಮೂರು ವಾರ ಅಂದಿದಾರೆ.”

ಚಕ್ರ ಎರಡು ವಾರಕ್ಕೇ ಬಂತು. ನಾನು ಅದನ್ನು ಮೊಳೆಗಳ ಡಬ್ಬಿಯ ಹಿಂದೆ ಇಟ್ಟೆ.

ಆರನೆಯ ವಾರ ಪಿಪ್ಪಾ ತೊಡೆಯ ಯಂತ್ರಗಳ ಲೆಕ್ಕ ನೋಡಿ ಬೆಚ್ಚಿದಳು. ಕೂರುವ ಹೊತ್ತು ಎರಡು ಗಂಟೆ ಇಪ್ಪತ್ತು ನಿಮಿಷ ಇಳಿದಿತ್ತು. ಮತ್ತೆ ಏಳು ಗಂಟೆ ಕಾರಿನಲ್ಲಿ ಕೂತು ಬಂದು ಐಲ್ಸಾಳ ಮುಂದೆ ಪುಸ್ತಕ ತೆರೆದಳು.

“ನೀವು ಏನು ಮಾಡಿದ್ರಿ ಅಂತ ಸ್ವಲ್ಪ ವಿವರವಾಗಿ ಹೇಳ್ತೀರಾ?”

“ಚಹಾ ಕುಡಿದ್ವಿ.”

“ಅದಲ್ಲದೆ?”

“ಚೀಸ್ ರೋಲ್ ತಿಂದ್ವಿ. ವಾಟಿ ಜೊತೆ ಜಗಳ ಆಡಿದ್ವಿ.”

ಪಿಪ್ಪಾ ನಗುತ್ತಲೇ ಎಲ್ಲವನ್ನೂ ಇದ್ದಂತೆ ಬರೆದುಕೊಂಡಳೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಕಚೇರಿಯಲ್ಲಿ ಅದು ನಾಲ್ಕು ಮೇಜು ದಾಟಿ ಹೊರಬಂದಾಗ ‘ಪಾನೀಯ ಕೇಂದ್ರಿತ ಸಾಮುದಾಯಿಕ ಚಲನಾ ಮಾದರಿ’ ಎಂದಾಗಿತ್ತು. ಯಶಸ್ಸಿಗೆ ಮುಖ್ಯ ಕಾರಣ ಫಲಕಗಳು ಎಂದೂ ಇತ್ತು. ಮುರಿದ ಗಾಡಿಯ ಸುದ್ದಿ ಎಲ್ಲೂ ಇರಲಿಲ್ಲ, ಏಕೆಂದರೆ ಒಂದು ಸಂಸ್ಥೆಯ ಗಾಡಿ ಆರು ವಾರ ಮುರಿದುಬಿದ್ದಿದೆ ಎಂದು ಯಾರು ಬರೆಯುತ್ತಾರೆ?

ಬಹುಮಾನ ಬಂತು. ಪ್ರಧಾನ ಕಚೇರಿಯ ದೊಡ್ಡವರೊಬ್ಬರು ತಾವೇ ಬಂದರು. ಸಮಾರಂಭಕ್ಕಾಗಿ ಎಲ್ಲರನ್ನೂ ಕುರ್ಚಿಗಳಲ್ಲಿ ಕೂರಿಸಲಾಯಿತು. ಭಾಷಣ ಆಯಿತು. ಆಮೇಲೆ ಕೆಂಪು ಪಟ್ಟಿ ಕಟ್ಟಿದ ಉಡುಗೊರೆಯನ್ನು ಒಳಗೆ ತಂದರು: ಹೊಚ್ಚ ಹೊಸ ಚಹಾ ಗಾಡಿ. ವಿದ್ಯುತ್ತಿನದು. ತಾನಾಗಿ ಉರುಳುತ್ತದೆ, ಎರಡು ಅಂತಸ್ತು, ತಿಂಡಿ ಬಿಸಿಯಾಗಿಡುವ ಪೆಟ್ಟಿಗೆ ಬೇರೆ.

“ಇನ್ಮೇಲೆ ನಿಮ್ಮಲ್ಲಿ ಯಾರೂ ಕಿಂಡಿವರೆಗೆ ನಡೆಯೋ ಕಷ್ಟ ಪಡಬೇಕಾಗಿಲ್ಲ,” ಎಂದರು ದೊಡ್ಡವರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಊರಿನವರು ಮರ್ಯಾದೆಸ್ಥರು. ಚಪ್ಪಾಳೆ ನಿಂತ ಮೇಲೆ ಐಲ್ಸಾ ವಾಟಿಯ ಕಡೆ ಬಾಗಿ, “ಈ ಮನುಷ್ಯನಿಗೆ ಯಾರಾದ್ರೂ ಹೇಳಿದಾರೋ ಇಲ್ವೋ, ಯಾವುದಕ್ಕೆ ಬಹುಮಾನ ಕೊಡ್ತಿದೀಯ ಅಂತ?” ಎಂದಳು. ಕಿವಿ ಮಂದವಾದವರ ಪಿಸುಮಾತು. ಕೊನೆಯ ಸಾಲಿಗೂ ಕೇಳಿಸಿತು.

ವಿದ್ಯುತ್ ಉಪಕರಣಗಳನ್ನು ನಾನು ಪರೀಕ್ಷಿಸಿ ಚೀಟಿ ಅಂಟಿಸದೆ ಬಳಸುವಂತಿಲ್ಲ. ಆ ನಿಯಮ ಮಾಡಿದವರು ಪ್ರಧಾನ ಕಚೇರಿಯವರೇ. ನಾನು ಬಹಳ ಶ್ರದ್ಧೆಯಿಂದ ಪರೀಕ್ಷಿಸಿದೆ. ಬ್ಯಾಟರಿಗೆ ಅಪಾಯ ಮೌಲ್ಯಮಾಪನ ಬೇಕೇ ಎಂದು ಪತ್ರ ಬರೆದೆ. ಬೇಕು ಎಂದರು. ಯಾವ ಫಾರಂ ಎಂದು ಕೇಳಿದೆ. ಆ ಫಾರಂ ಇನ್ನೂ ತಯಾರಾಗುತ್ತಿದೆ ಎಂದರು. ಗಾಡಿ ನನ್ನ ಕೋಣೆಯಲ್ಲಿ ಬೆಡ್‌ಶೀಟಿನ ಕೆಳಗೆ ನಿಂತಿತು. ಲಿನೆಟ್ ಒಂದೆರಡು ಸಲ ಬಂದು ಬೆಡ್‌ಶೀಟು ನೋಡಿ, ನನ್ನನ್ನು ನೋಡಿ, ಹೊರಟುಹೋದಳು.

ಜುಲೈನಲ್ಲಿ ಐಲ್ಸಾ ಬಿದ್ದಳು. ಇದನ್ನು ಮುಚ್ಚಿಡುವ ಹಾಗಿಲ್ಲ. ಕಿಂಡಿಯ ಸಾಲಿನಲ್ಲಿ ವಾಟಿ ಪಕ್ಕದಿಂದ ನುಸುಳಿ ಮುಂದೆ ಬರಲು ನೋಡಿದ. ಅವನನ್ನು ಬಯ್ಯಲು ಆಕೆ ಗಕ್ಕನೆ ತಿರುಗಿದಳು. ವಾಕರಿನ ಬ್ರೇಕು ಹಾಕಿರಲಿಲ್ಲ. ಎಡಗೈ ಮಣಿಕಟ್ಟು ಮುರಿಯಿತು. ನಾನು ಓಡಿಹೋದಾಗ ಆಕೆ ನೆಲದ ಮೇಲೆ ಕೈ ಹಿಡಿದುಕೊಂಡು, ಬೂದಿ ಬಣ್ಣದ ಮುಖದಲ್ಲಿ, ಸೂರು ನೋಡುತ್ತಿದ್ದಳು.

“ನಿಮ್ಮಮ್ಮನಿಗೆ ಹೇಳ್ಬೇಡ,” ಎಂದಳು. ನನ್ನ ಅಮ್ಮ ಸತ್ತು ಒಂಬತ್ತು ವರ್ಷವಾಗಿತ್ತು. ನನಗೆ ಅಷ್ಟು ಹೆದರಿಕೆ ಅದುವರೆಗೆ ಆಗಿರಲಿಲ್ಲ.

ಆ ಮಧ್ಯಾಹ್ನ ಲಿನೆಟ್ ನನ್ನ ಕೋಣೆಗೆ ಬಂದು ಬೆಡ್‌ಶೀಟು ಎಳೆದಳು.

“ಚೀಟಿ ಅಂಟಿಸು.”

“ಲಿನೆಟ್, ನಾನು ಬೇಕಂತಾನೇ...”

“ಗೊತ್ತು. ಮೊದಲನೇ ದಿನದಿಂದ ಗೊತ್ತು.” ಆಕೆ ನನ್ನ ಸ್ಟೂಲಿನ ಮೇಲೆ ಕೂತಳು. “ಟಿಮರೂ ಊರಿನ ಆಶ್ರಮದಲ್ಲಿ ನಾನು ಕೆಲಸಕ್ಕೆ ಸೇರಿದ ವರ್ಷ ಒಬ್ಬರು ಬಿದ್ರು, ಡೆಸ್. ವೈನೀ ಅಂತ. ಎದ್ದು ಹೋಗ್ಲಿ ಬಿಡು ಪಾಪ ಅಂತ ನಾನೇ ಬಿಟ್ಟಿದ್ದೆ. ಆಮೇಲೆ ಅವರ ಮಕ್ಕಳ ಎದುರಿಗೆ ಎರಡು ದಿನ ನಿಂತು ಉತ್ತರ ಕೊಟ್ಟೆ. ನೀನು ಯಾವತ್ತೂ ಕೊಟ್ಟಿಲ್ಲ.”

ನಾನು ಚೀಟಿ ಅಂಟಿಸಿದೆ.

ಕಿಂಡಿ ಮುಚ್ಚಿತು. ಹೊಸ ಗಾಡಿ ಸದ್ದಿಲ್ಲದೆ ಹಜಾರ ಸುತ್ತಿತು. ಚೀಸ್ ರೋಲ್ ಬಿಸಿಯಾಗಿಯೇ ಬಂತು, ಅದನ್ನು ಒಪ್ಪಿಕೊಳ್ಳಬೇಕು. ತುದಿ ಮಾತ್ರ ಮೆತ್ತಗೆ. ಜಗಳ ನಿಂತಿತು. ಮೂರನೆಯ ವಾರಕ್ಕೆ ವಾಟಿ ಮತ್ತೆ ಎರಡು ಜನರ ಸಹಾಯವಿಲ್ಲದೆ ಏಳಲಾರದವನಾದ. ಐಲ್ಸಾ ಕೈಗೆ ಪಟ್ಟಿ ಹಾಕಿಕೊಂಡು ಕಿಟಕಿ ಪಕ್ಕದಲ್ಲಿ ಕೂತಿದ್ದಳು. ನಾನು ದಿಂಬಿನ ತಂತಿ ಪರೀಕ್ಷಿಸಿದೆ, ಸರಿಯಾಗಿತ್ತು. ಹಾಡುವಂಥದ್ದು ಏನೂ ನಡೆಯುತ್ತಿರಲಿಲ್ಲ. ದಾದಿಯರ ಪಟ್ಟಿಯಲ್ಲಿ ‘ಶಾಂತವಾಗಿದ್ದಾರೆ’ ಎಂದು ಬರೆದಿತ್ತು, ಈ ಸಲ ನಿಜವಾಗಿಯೂ ಆಕೆಯ ಬಗ್ಗೆ.

ಆಗಸ್ಟಿನ ಮೊದಲ ಶನಿವಾರ ಮಗಳು ಮೋರಾ ಗೋರ್ ಊರಿನಿಂದ ಬಂದಳು. ಅಲ್ಲಿ ಕುರಿ ಸಾಕುವ ಮನೆಯ ಸೊಸೆ, ಮಾತು ಕಡಿಮೆ. ಲಿನೆಟ್ ಫೈಲು ಹಿಡಿದು, ಬಯ್ಯಿಸಿಕೊಳ್ಳಲು ತಯಾರಾಗಿ, ಐಲ್ಸಾಳ ಕುರ್ಚಿಯ ಮುಂದೆಯೇ ನಿಂತಳು. ಕಿಟಕಿಗೆ ಬೀಗದ ಕೊಂಡಿ ಹಾಕುತ್ತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

“ಬಿದ್ದಿದ್ದಕ್ಕೆ ನಮಗೆ ತುಂಬಾ ಬೇಜಾರಿದೆ ಮೋರಾ. ಇನ್ಮೇಲೆ ಹಾಗಾಗದ ಹಾಗೆ ಎಲ್ಲ ವ್ಯವಸ್ಥೆ...”

“ಬಿದ್ದಿದ್ದಕ್ಕೆ ಬಂದಿಲ್ಲ ನಾನು,” ಎಂದಳು ಮೋರಾ. “ಅಮ್ಮ ಫೋನಲ್ಲಿ ಮಾತಾಡ್ತಿಲ್ಲ. ಮೊದಲು ದಿನಾ ಅರ್ಧ ಗಂಟೆ ಯಾವನೋ ವಾಟಿನ ಬಯ್ತಿದ್ಲು. ಸಾಲು ಮುರಿದ, ಎರಡು ತಿಂದ ಅಂತ. ಈಗ ‘ಚೆನ್ನಾಗಿದೀನಿ’ ಅಂತಾಳೆ, ಇಡ್ತಾಳೆ. ಅವಳು ಹುಟ್ಟಿದಾಗಿಂದ ಚೆನ್ನಾಗಿದೀನಿ ಅಂದೋಳಲ್ಲ.”

“ಯಾವನೋ ವಾಟಿ ಅಂದ್ರೆ ನಾನೇ,” ಎಂದ ವಾಟಿ ಪಕ್ಕದಿಂದ. “ಎರಡು ತಿಂದಿದ್ದು ಒಂದೇ ಸಲ.”

“ನಾಲ್ಕು ಸಲ,” ಎಂದಳು ಐಲ್ಸಾ. ಮೂರು ವಾರದಲ್ಲಿ ಆಕೆ ಯಾರ ಜೊತೆಯೂ ವಾದಿಸಿದ್ದನ್ನು ನಾನು ಕೇಳಿರಲಿಲ್ಲ.

ಮೋರಾ ಲಿನೆಟ್ ಕಡೆ ತಿರುಗಿದಳು. “ಅವಳು ಮತ್ತೆ ಬೀಳಬಹುದು, ನನಗೆ ಗೊತ್ತು, ಅವಳಿಗೂ ಗೊತ್ತು, ಆದ್ರೂ ಹೋಗ್ತಾಳೆ. ಅಂಥದ್ದಕ್ಕೆ ಸಹಿ ಹಾಕೋ ಫಾರಂ ಇದ್ಯಾ?”

“ಇಲ್ಲ,” ಎಂದಳು ಲಿನೆಟ್.

“ಒಂದು ಮಾಡಿ.”

ಲಿನೆಟ್ ಫೈಲು ತೆರೆದು ಹಾಳೆಗಳನ್ನು ಮಗುಚಿದಳು. ಕೊನೆಗೆ ಹನ್ನೊಂದು ಪುಟದ ಫಾರಂ ಒಂದನ್ನು ಹೊರತೆಗೆದು, ಕೊನೆಯ ಹಾಳೆಯನ್ನು ತಿರುಗಿಸಿ, ಅದರ ಖಾಲಿ ಬೆನ್ನಿಗೆ ಕೈಯಿಂದ ನಾಲ್ಕು ಸಾಲು ಬರೆದಳು. ಐಲ್ಸಾ ಕನ್ನಡಕ ಹಾಕಿಕೊಂಡು ಓದಿದಳು.

“‘ಬೀಳುವ ಸಾಧ್ಯತೆ ಇರುವುದನ್ನು ತಿಳಿದು ಒಪ್ಪಿದ್ದೇನೆ.’ ಎಂಬತ್ತೈದು ವರ್ಷದಿಂದ ಒಪ್ಕೊಂಡೇ ಬಂದಿದೀನಿ. ಸಹಿ ಕೇಳಿದೋಳು ನೀನೇ ಮೊದಲು.” ವಾಲಿದ ಹೆಬ್ಬೆರಳಿನಲ್ಲಿ ಪೆನ್ನು ಹಿಡಿದು ಸಹಿ ಹಾಕಿದಳು.

“ಆ ಹಾಳೆ ಇಲ್ಲಿ ಕೊಡಿ,” ಎಂದ ವಾಟಿ.

ಒಟ್ಟು ಹದಿನೇಳು ಜನ ಸಹಿ ಹಾಕಿದರು. ಸೋಮವಾರ ಕಿಂಡಿ ತೆರೆಯಿತು. ನಡೆಯಲು ನಿಜವಾಗಿಯೂ ಆಗದವರ ಬಳಿಗೆ ಹೊಸ ಗಾಡಿ ಹೋಗುತ್ತಿತ್ತು. ಅವರಿಗೆ ಅದು ಬಹಳ ಅನುಕೂಲವಾಯಿತು. ಸಾಲಿನ ಪಕ್ಕ ಒಬ್ಬ ದಾದಿ ನಿಲ್ಲಬೇಕೆಂದು ಲಿನೆಟ್ ಏರ್ಪಾಡು ಮಾಡಿದಳು, ದಾದಿ ಸಿಗದ ದಿನ ತಾನೇ ನಿಂತಳು. ನಿಂತಮೇಲೆ ಚಹಾ ಕುಡಿಯದೆ ಇರುವುದು ಹೇಗೆ? ಐಲ್ಸಾಳ ಕುರ್ಚಿಯ ದಿಂಬನ್ನು ಬಿಚ್ಚಲು ನನಗೆ ಹೇಳಿದವಳೂ ಅವಳೇ. ನಾಲ್ಕು ಸಾಲಿನ ಆ ಫಾರಂ ಹೇಗೋ ಪ್ರಧಾನ ಕಚೇರಿಗೆ ಮುಟ್ಟಿತು. ಅವರಿಗೆ ಅದು ಬಹಳ ಹಿಡಿಸಿ, ಎಲ್ಲ ಶಾಖೆಗಳಿಗೂ ಕಳಿಸಿದರು. ಈಗ ಅದು ಒಂಬತ್ತು ಪುಟ ಇದೆ.

ಐಲ್ಸಾ ಆಮೇಲೆ ಇನ್ನೊಂದು ಸಲ ಬಿದ್ದಳು, ಏನೂ ಆಗಲಿಲ್ಲ. ಕಾರ್ಪೆಟ್ಟಿಗೆ ಬಯ್ದು ಎದ್ದಳು. ಎರಡು ಚಳಿಗಾಲ ಕಳೆದ ಮೇಲೆ ಆಕೆಯ ಎದೆಗೆ ಕಫ ಕಟ್ಟಿತು. ಆಸ್ಪತ್ರೆ ಬೇಡ ಎಂದಳು. ಕೊನೆಯ ಒಂಬತ್ತು ದಿನ ಹಾಸಿಗೆಯಲ್ಲಿದ್ದಳು. ಆ ಒಂಬತ್ತು ದಿನವೂ ಹತ್ತು ಗಂಟೆಗೆ ವಾಟಿ ಕಿಂಡಿಯಿಂದ ಕೈಸಾಲೆಯ ತುದಿಯ ಆಕೆಯ ಕೋಣೆಯವರೆಗೆ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಸಿಯ ಸಮೇತ ಕಪ್ಪು ಹಿಡಿದು ಬಂದ. ಗಾಡಿಯಲ್ಲಿ ಕಳಿಸುತ್ತೇನೆಂದು ಮಾರಿಸೆಲ್ ಹೇಳಿದರೆ ಸಿಟ್ಟಾಗುತ್ತಿದ್ದ. ಮುಟ್ಟುವಷ್ಟರಲ್ಲಿ ಅರ್ಧ ಚಹಾ ಬಸಿಯಲ್ಲಿರುತ್ತಿತ್ತು.

“ಉಳಿದಿದ್ದು ಎಲ್ಲಿ?” ಎಂದು ಐಲ್ಸಾ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು.

“ದಾರೀಲಿ.”

“ಇಷ್ಟು ವರ್ಷ ದೋಣಿ ನಡೆಸಿದೋನು ನೀನು.”

“ದೋಣೀಲಿ ಯಾರೂ ಚಹಾ ಕೇಳ್ತಿರ್ಲಿಲ್ಲ. ಕುಡಿ, ಸುಮ್ನೆ.”

ಆಕೆ ಬಸಿಯಲ್ಲಿದ್ದದ್ದನ್ನು ಕುಡಿದು ಕಪ್ಪನ್ನು ಅವನಿಗೆ ಕೊಡುತ್ತಿದ್ದಳು. ಅವನು ಮಂಚದ ಕಂಬಿ ಹಿಡಿದು ನಿಂತುಕೊಂಡೇ ಅದನ್ನು ಮುಗಿಸುತ್ತಿದ್ದ. ಪಕ್ಕದಲ್ಲಿ ಕುರ್ಚಿ ಇತ್ತು. ಅದರ ಮೇಲೆ ಮೋರಾಳ ಕೋ‌ಟು, ಕೈಚೀಲ, ಹೆಣೆದು ಮುಗಿಯದ ಉಲ್ಲನ್ನಿನ ಟೋಪಿ.